ಕಣ್ಣು ಸೋತವರ ಇಸ್ಪೀಟೆಲೆ

ಇಸ್ಪೀಟು ಎಂದೊಡನೆ ಜೂಜು ನೆನಪಾಗಿ ಮೂಗು ಮುರಿಯುವವರಿದ್ದಾರೆ. ಆದರೆ ದುಡ್ಡಿನ ಗೊಡವೆಯಿಲ್ಲದೆ, ಬರೀ ಹೊತ್ತು ಕಳೆಯಲು ಎಲೆ ಹಿಡಿಯುವ ಮನೆಗಳೂ ಕಡಿಮೆಯೇನಿಲ್ಲ. ಅಂಥ ಮನೆಯಲ್ಲಿ ಹಿರಿಯರೊಬ್ಬರ ಕಣ್ಣು ಮಂಜಾಯಿತೆನ್ನಿ. ಚೌಕಾಬಾರವಾದರೆ ಕವಡೆ ಎಷ್ಟು ಬಿತ್ತೆಂದು ಮೊಮ್ಮಕ್ಕಳು ಹೇಳಬಹುದು. ಚದುರಂಗವಾದರೆ ಎದುರಾಳಿಯೇ ತನ್ನ ನಡೆಯನ್ನು ತಿಳಿಸಬಹುದು. ಇಸ್ಪೀಟಿನಲ್ಲಿ ಈ ಉಪಕಾರ ನಡೆಯದು. ಕೈಯಲ್ಲಿರುವ ಎಲೆ ಯಾವುದೆಂದು ಪಕ್ಕದವರು ಬಾಯಿಬಿಟ್ಟರೆ ಆಟವೇ ಮುಗಿಯಿತು. ಎಲೆ ತನಗೆ ತಿಳಿಯಬೇಕು, ಇತರರಿಗೆ ತಿಳಿಯಬಾರದು. ದೃಷ್ಟಿ ಇಲ್ಲದವರಿಗೆ ಎಲೆ ರೂಪಿಸಲು ಹೊರಟವರೆಲ್ಲ ಬಿಡಿಸಬೇಕಾಗಿದ್ದ ಒಗಟು ಇದು.

ಅದನ್ನು ಬಹಳ ಹಿಂದೆಯೇ ಬಿಡಿಸಿದವಳು 18ನೇ ಶತಮಾನದ ಫ್ರಾನ್ಸಿನ ಯುವತಿ ಮೆಲನಿ ದ ಸಾಲಿನ್ಯಾಕ್. ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡಿದ್ದ ಈಕೆಯ ವಿಷಯ ಜಗತ್ತಿಗೆ ತಿಳಿದದ್ದು ತತ್ತ್ವಜ್ಞಾನಿ ದಿದರೋನಿಂದ. ಅಂಧರ ಕುರಿತು ಪುಸ್ತಕ ಬರೆದು 1749ರಲ್ಲಿ ಸೆರೆವಾಸ ಕಂಡಿದ್ದ ಆತ, ದಶಕಗಳ ನಂತರ ಅದಕ್ಕೆ ಸೇರಿಸಿದ ಬರಹದಲ್ಲಿ ಮೆಲನಿಯ ಆಟವನ್ನು ವರ್ಣಿಸಿದ್ದಾನೆ. ಆಕೆ ಎಲೆಗಳ ಮೇಲಿದ್ದ ಸಣ್ಣ ಗೆರೆಗಳನ್ನು ಮುಟ್ಟಿಯೇ ಗುರುತಿಸುತ್ತಿದ್ದಳು. ಇತರರಿಗೆ ಆ ಗೆರೆಗಳು ಕಣ್ಣಿಗೂ ಸಿಗುತ್ತಿರಲಿಲ್ಲ, ಬೆರಳಿಗೂ ಸಿಗುತ್ತಿರಲಿಲ್ಲ. ಜತೆಗಾರರು ಅವಳಿಗೆ ಕೊಡುತ್ತಿದ್ದ ರಿಯಾಯಿತಿ ಒಂದೇ: ತಾವು ಇಳಿಸುವ ಎಲೆಯ ಹೆಸರನ್ನು ಕೂಗಿ ಹೇಳುವುದು. ಮುಖ್ಯ ಎಲೆಯಾದ ಆಟೀನು ಗುಲಾಮ ಅಪಾಯಕ್ಕೆ ಸಿಕ್ಕಿದಾಗ ಅವಳ ತುಟಿಯಲ್ಲಿ ತಡೆಯಲಾಗದ ಕಿರುನಗೆ ಮೂಡುತ್ತಿತ್ತಂತೆ. ಗುಟ್ಟು ರಟ್ಟಾಗುತ್ತಿದ್ದದ್ದು ನಗೆಯಿಂದಲೇ ಹೊರತು ಗೆರೆಯಿಂದಲ್ಲ!

ಬ್ರೈಲ್ ಬಂದ ಮೇಲೆ

ಮೆಲನಿಯ ಗುರುತುಗಳು ಅವಳೊಬ್ಬಳ ಸೊತ್ತು. ಎಲ್ಲ ಅಂಧರಿಗೂ ಒಪ್ಪುವ ಲಿಪಿಯನ್ನು ಕೊಟ್ಟವನು ಅದೇ ದೇಶದ ಲೂಯಿ ಬ್ರೈಲ್ (1809-1852). 1824ರಲ್ಲಿ, ಹದಿನೈದರ ಹರೆಯದಲ್ಲೇ ಆತ ರೂಪಿಸಿದ ಆರು ಚುಕ್ಕೆಗಳ ಲಿಪಿ 1829ರಲ್ಲಿ ಪುಸ್ತಕ ರೂಪದಲ್ಲಿ ಪ್ರಕಟವಾಯಿತು. ಇಸ್ಪೀಟಿಗೆ ಈ ಲಿಪಿ ಹೇಳಿ ಮಾಡಿಸಿದಂತಿತ್ತು. ಎಲೆಯ ಮೂಲೆಯಲ್ಲಿ ಎರಡು ಅಕ್ಷರ ಸಾಕು, ಒಂದು ಅಂಕಿಗೆ, ಇನ್ನೊಂದು ಬಣ್ಣಕ್ಕೆ. ಎಲೆಯನ್ನು ಹೇಗೆ ಹಿಡಿದರೂ ಸಿಗುವಂತೆ ಎದುರುಬದುರು ಮೂಲೆಗಳಲ್ಲಿ ಇವನ್ನು ಒತ್ತಲಾಗುತ್ತದೆ. ಕಣ್ಣು, ಕಿವಿ ಎರಡನ್ನೂ ಕಳೆದುಕೊಂಡಿದ್ದ ಹೆಲೆನ್ ಕೆಲರ್ ಇಂಥ ಎಲೆಗಳಿಂದ ಒಂಟಿಯಾಗಿ ಆಡುತ್ತಿದ್ದುದನ್ನು 1903ರ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಚುಕ್ಕೆಯ ಪಕ್ಕದಲ್ಲೇ ಮಾಮೂಲಿ ಚಿತ್ರವೂ ಇರುವುದರಿಂದ ಕಣ್ಣಿದ್ದವರೂ ಇಲ್ಲದವರೂ ಒಂದೇ ಕಟ್ಟಿನಲ್ಲಿ ಆಡಬಹುದು. ಇಳಿಸಿದ ಎಲೆಯ ಹೆಸರು ಹೇಳುವ ಮೆಲನಿಯ ಕಾಲದ ಪದ್ಧತಿ ಇಲ್ಲಿಯೂ ಬೇಕು. ಒಂದು ತೊಡಕೂ ಉಂಟು. ಎಲೆ ಹಂಚುವವರಿಗೆ ಬ್ರೈಲ್ ಬಂದರೆ, ಹಂಚುವಾಗಲೇ ಇತರರ ಎಲೆಗಳು ಬೆರಳಿಗೆ ಗೊತ್ತಾಗಿಬಿಡಬಹುದು. ಹಾಗಾಗಿ ಹಂಚುವ ಬೆರಳು ಮೂಲೆಗೆ ಹೋಗದಂತೆ ನೋಡಿಕೊಳ್ಳಬೇಕು. ಕಲೆಸಿ ಕಲೆಸಿ ಚುಕ್ಕೆಗಳು ಸವೆದರೆ ಕಟ್ಟನ್ನೇ ಬದಲಿಸಬೇಕು.

ಮೂಲೆಯ ಅಂಕಿಯ ಕಥೆ

ದೃಷ್ಟಿದೋಷವಿರುವವರಲ್ಲಿ ಹೆಚ್ಚಿನವರು ಪೂರ್ಣ ಅಂಧರಲ್ಲ. ವಯಸ್ಸಾದ ಮೇಲೆ ಪೊರೆಯಿಂದಲೋ, ಅಕ್ಷಿಪಟಲದ ಕಾಯಿಲೆಯಿಂದಲೋ ನೋಟ ಮಂದವಾದವರೇ ಬಹಳ. ಇಳಿವಯಸ್ಸಿನಲ್ಲಿ ಬ್ರೈಲ್ ಕಲಿಯುವುದು ಎಲ್ಲರಿಗೂ ಆಗುವ ಮಾತಲ್ಲ. ಇವರಿಗೆ ನೆರವಾದದ್ದು ಎಲೆಯ ಮೂಲೆಯಲ್ಲಿರುವ ಅಂಕಿ.

ಈ ಅಂಕಿ ಮೊದಲಿನಿಂದ ಇದ್ದದ್ದಲ್ಲ. ಹಿಂದೆ ಎಂಟೋ ಒಂಬತ್ತೋ ತಿಳಿಯಲು ಎಲೆಯ ಮೇಲಿನ ಗುರುತುಗಳನ್ನು ಎಣಿಸಬೇಕಿತ್ತು. ಅಮೆರಿಕದಲ್ಲಿ 1864ರಲ್ಲಿ ಮೂಲೆಗುರುತಿಗೆ ಪೇಟೆಂಟ್ ದೊರೆಯಿತು. 1870ರ ದಶಕದಲ್ಲಿ ಇಂಥ ಎಲೆಗಳು ಜನಪ್ರಿಯವಾದವು. ಎಲೆಗಳನ್ನು ಅಗಲವಾಗಿ ಹರಡದೆ, ಒತ್ತಾಗಿ ಒಂದೇ ಕೈಯಲ್ಲಿ ಹಿಡಿಯಲು ಸಾಧ್ಯವಾಯಿತು. ಈ ಸೌಕರ್ಯ ಆದದ್ದು ಕಣ್ಣು ಚೆನ್ನಾಗಿದ್ದವರಿಗಾಗಿಯೇ. ಮಂದದೃಷ್ಟಿಯವರ ಎಲೆಯಲ್ಲಿ ಅದೇ ಅಂಕಿ ಹಿಗ್ಗಿತು ಅಷ್ಟೆ.

ಎಲೆಯನ್ನೇ ದೊಡ್ಡದು ಮಾಡಿದರೆ ಹದಿಮೂರು ಎಲೆ ಕೈಯಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಸಾಮಾನ್ಯವಾಗಿ ಎಲೆಯ ಅಳತೆ ಹಾಗೇ ಇದ್ದು, ಅಂಕಿಯೊಂದೇ ದೊಡ್ಡದಾಗುತ್ತದೆ. ಕೆಲವು ಕಟ್ಟುಗಳಲ್ಲಿ ಅಲಂಕಾರವನ್ನೂ ಕೈಬಿಡುತ್ತಾರೆ. ಆಟೀನು, ಡೈಮಂಡು ಎರಡೂ ಕೆಂಪಾದರೆ ಮಂಜುಗಣ್ಣಿಗೆ ಒಂದೇ ಬಗೆಯಾಗಿ ಕಾಣುತ್ತವೆ. ಅದಕ್ಕಾಗಿ ನಾಲ್ಕಕ್ಕೂ ನಾಲ್ಕು ಬೇರೆ ಬಣ್ಣ ಕೊಟ್ಟ ಕಟ್ಟುಗಳೂ ಇವೆ. ಆದರೆ ಅಂಕಿ ದೊಡ್ಡದಾದಷ್ಟೂ ಪಕ್ಕದವರ ಕಣ್ಣಿಗೂ ಅದು ಬೀಳುತ್ತದೆ. ಹಳೆಯ ಒಗಟು ಇಲ್ಲಿ ಮತ್ತೆ ತಲೆಯೆತ್ತುತ್ತದೆ. ಎಲೆಯನ್ನು ಎದೆಗೆ ಹತ್ತಿರ ಹಿಡಿಯುವುದೇ ಇದಕ್ಕೆ ಉಪಾಯ.

ಮೆಲನಿ ತನ್ನ ಇಪ್ಪತ್ತರ ಹರೆಯದಲ್ಲೇ ತೀರಿಕೊಂಡಳು. ಆಟದಲ್ಲಿ ಅವಳು ಬೇಡಿದ್ದು ಕರುಣೆಯನ್ನಲ್ಲ; ತನ್ನ ಎಲೆಯನ್ನು ತಾನೇ ಓದಿಕೊಂಡು, ಗೆದ್ದರೂ ಸೋತರೂ ತಾನೇ ಆಡುವ ಅವಕಾಶವನ್ನು. ಮೂಲೆಯ ಎರಡು ಚುಕ್ಕಕ್ಷರಗಳು, ಒಂದು ದಪ್ಪ ಅಂಕಿ ಇಂದಿಗೂ ಕೊಡುತ್ತಿರುವುದು ಅಷ್ಟನ್ನೇ.