ಹಾಯಿಕಂಬದ ಲೋಹ: ಒಂದು ಸಹವಾಸದೋಷದ ಇತಿಹಾಸ

ಹುಳಿ, ಉಪ್ಪು ಬೆರೆತ ಅಡುಗೆಯನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ರಾತ್ರಿಯಿಡೀ ಬಿಡಬಾರದೆಂದು ನಮ್ಮ ಮನೆಗಳಲ್ಲಿ ಹಿರಿಯರು ಹೇಳುತ್ತ ಬಂದಿದ್ದಾರೆ. ಬಿಟ್ಟರೆ ತಳದಲ್ಲಿ ಸೂಜಿಮೊನೆಯಂಥ ಗುಳಿಗಳು ಬೀಳುತ್ತವೆ. ಅದೇ ಲೋಹದ ಕಂಬವನ್ನು ಕಡಲಿನಲ್ಲಿ ನಿಲ್ಲಿಸಿ, ಅದಕ್ಕೆ ಹಾಯಿ ಕಟ್ಟಿ, ಅದನ್ನೇ ನಂಬಿ ಪಯಣಿಸುವ ಧೈರ್ಯ ಮನುಷ್ಯನಿಗೆ ಬಂದುದು ಹೇಗೆ? ಮುಂಬಯಿಯ ಅಪೊಲೊ ಬಂದರಿನೆದುರು ಲಂಗರು ಹಾಕಿದ ವಿಹಾರನೌಕೆಗಳನ್ನು ಕಂಡಾಗ ಈ ಪ್ರಶ್ನೆ ನಮಗೆ ಏಳದಿರದು.

ಕೂವೆಮರವೆಂದೂ ಕರೆಯುವ ಹಾಯಿಕಂಬ ಶತಮಾನಗಳ ಕಾಲ ಹೆಸರಿಗೆ ತಕ್ಕಂತೆ ಮರದ್ದೇ ಆಗಿತ್ತು. 19ನೆಯ ಶತಮಾನದ ನಡುವಿನಲ್ಲಿ ಅಲ್ಯೂಮಿನಿಯಂ ದುಬಾರಿ ಲೋಹ. 1886ರಲ್ಲಿ ಅಮೆರಿಕದ ಚಾರ್ಲ್ಸ್ ಹಾಲ್ ಮತ್ತು ಫ್ರಾನ್ಸಿನ ಪಾಲ್ ಎರೂ, ಒಬ್ಬರಿಗೊಬ್ಬರು ತಿಳಿಯದಂತೆ, ಅದನ್ನು ವಿದ್ಯುತ್ತಿನಿಂದ ಬೇರ್ಪಡಿಸುವ ಒಂದೇ ವಿಧಾನವನ್ನು ಕಂಡುಹಿಡಿದರು. ಬೆಲೆ ಇಳಿಯಿತು. ಹಗುರವಾದ ಈ ಲೋಹದ ಮೇಲೆ ನೌಕೆ ಕಟ್ಟುವವರ ಕಣ್ಣು ಬಿದ್ದುದು ಸಹಜವೇ.

ಮೊದಲ ಪಾಠ ಕಂಬದಿಂದಲ್ಲ, ನೌಕೆಯ ಒಡಲಿನಿಂದಲೇ ಬಂತು. 1895ರ ಅಮೆರಿಕಾ ಕಪ್ ಪಂದ್ಯಕ್ಕಾಗಿ ನಥಾನಿಯಲ್ ಹೆರೆಶಾಫ್ ಎಂಬ ಹೆಸರಾಂತ ಶಿಲ್ಪಿ ‘ಡಿಫೆಂಡರ್’ ನೌಕೆಯನ್ನು ಕಟ್ಟಿದನು. ನೀರಿನಡಿಯ ಭಾಗಕ್ಕೆ ಕಂಚು, ಮೇಲ್ಭಾಗಕ್ಕೆ ಅಲ್ಯೂಮಿನಿಯಂ, ಒಳಗಿನ ಪಕ್ಕೆಗಳಿಗೆ ಉಕ್ಕು. ನೌಕೆ ಹಗುರವಾಯಿತು, ಗೆದ್ದಿತು. ಆದರೆ ಉಪ್ಪುನೀರಿನಲ್ಲಿ ಎರಡು ಭಿನ್ನ ಲೋಹಗಳು ಮುಟ್ಟಿಕೊಂಡಿದ್ದರೆ ಅವುಗಳ ನಡುವೆ ಸಣ್ಣ ವಿದ್ಯುತ್ ಪ್ರವಾಹ ಹರಿದು, ಅವುಗಳಲ್ಲಿ ದುರ್ಬಲವಾದುದು ಕರಗುತ್ತ ಹೋಗುತ್ತದೆ. ಇಲ್ಲಿ ಕರಗಿದ್ದು ಅಲ್ಯೂಮಿನಿಯಂ. 1901ರಲ್ಲಿ ಡಿಫೆಂಡರನ್ನು ಒಡೆದುಹಾಕಿದರು. ಆರು ವರ್ಷದ ಆಯುಸ್ಸು!

ಈ ಗುಣ ಆಗ ಯಾರಿಗೂ ತಿಳಿದಿರಲಿಲ್ಲವೆ? ತಿಳಿದಿತ್ತು. ಹಡಗಿನ ತಳದ ತಾಮ್ರದ ತಗಡನ್ನು ಕಾಯಲು ಅದಕ್ಕೆ ಸತು ಅಥವಾ ಕಬ್ಬಿಣದ ತುಂಡನ್ನು ತಗುಲಿಸಬೇಕು, ತಾಮ್ರದ ಬದಲು ಅದು ಸವೆಯುತ್ತದೆ ಎಂದು ಹಂಫ್ರಿ ಡೇವಿ 1824ರಲ್ಲೇ ತೋರಿಸಿಕೊಟ್ಟಿದ್ದನು. ಒಂದು ಋತುವಿನ ಪಂದ್ಯ ಗೆಲ್ಲಲು ಹೊರಟವರಿಗೆ ಬಾಳಿಕೆಯ ಚಿಂತೆ ಇರಲಿಲ್ಲ, ಅಷ್ಟೆ.

ಕಂಬದ ಸರದಿ ಆಮೇಲೆ ಬಂತು. 1906ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್, ತಾಮ್ರವನ್ನು ಸ್ವಲ್ಪ ಬೆರೆಸಿದ ಅಲ್ಯೂಮಿನಿಯಂ ದಿನ ಕಳೆದಂತೆ ತಾನಾಗಿ ಗಟ್ಟಿಯಾಗುವುದನ್ನು ಕಂಡನು. ಇದೇ ಡ್ಯೂರಾಲ್ಯುಮಿನ್. 1930ರಲ್ಲಿ ‘ಎಂಟರ್‌ಪ್ರೈಸ್’ ನೌಕೆ ಇದರ ತಗಡುಗಳನ್ನು ರಿವೆಟ್ ಹೊಡೆದು ಜೋಡಿಸಿದ ಕಂಬವನ್ನು ಹೊತ್ತು ಅಮೆರಿಕಾ ಕಪ್ಪಿಗೆ ಇಳಿಯಿತು. ಎದುರಾಳಿ ‘ಶಾಮ್‌ರಾಕ್ 5’. ಅದರ ಒಡೆಯ ನಮ್ಮೆಲ್ಲರ ಚಹಾ ಡಬ್ಬಿಗಳ ಮೇಲೆ ಹೆಸರಿರುವ ಸರ್ ಥಾಮಸ್ ಲಿಪ್ಟನ್. ನಾಲ್ಕಕ್ಕೆ ನಾಲ್ಕು ಪಂದ್ಯಗಳನ್ನೂ ಎಂಟರ್‌ಪ್ರೈಸ್ ಗೆದ್ದಿತು. ಅದನ್ನು ನಡೆಸಿದ ಹೆರಾಲ್ಡ್ ವಾಂಡರ್‌ಬಿಲ್ಟ್, ಡಿಫೆಂಡರಿನ ಒಡೆಯರಲ್ಲೊಬ್ಬನ ಮಗ.

ಆದರೆ ಬಲ ಕೊಟ್ಟ ತಾಮ್ರವೇ ಉಪ್ಪುನೀರಿನಲ್ಲಿ ಡ್ಯೂರಾಲ್ಯುಮಿನ್ನಿನ ಶತ್ರು. ಕಡಲ ಮೇಲೆ ಇಳಿಯುವ ವಿಮಾನಗಳವರು ಈ ಕಷ್ಟವನ್ನು ಅದಾಗಲೇ ಕಂಡಿದ್ದರು. ಗಾಳಿ ತಗುಲಿದೊಡನೆ ಅಲ್ಯೂಮಿನಿಯಂ ತನ್ನ ಮೈಮೇಲೆ ತೆಳುವಾದ ಆಕ್ಸೈಡ್ ಪೊರೆ ಹೊದ್ದುಕೊಳ್ಳುತ್ತದೆ; ಉಪ್ಪು ಅದನ್ನು ಭೇದಿಸುತ್ತದೆ. 1923ರಲ್ಲಿ ಇಂಗ್ಲೆಂಡಿನ ಬೆಂಗೋ ಮತ್ತು ಸ್ಟುವರ್ಟ್, ಲೋಹವನ್ನು ಆಮ್ಲದ ತೊಟ್ಟಿಯಲ್ಲಿಳಿಸಿ ವಿದ್ಯುತ್ ಹರಿಸಿ ಆ ಪೊರೆಯನ್ನೇ ದಪ್ಪಗೊಳಿಸಿದರು. ಆನೊಡೈಸಿಂಗ್ ಎಂದರೆ ಇದೇ. ಮುಂದೆ ಮೆಗ್ನೀಸಿಯಂ, ಸಿಲಿಕಾನ್ ಬೆರೆತ, ಉಪ್ಪನ್ನು ಹೆಚ್ಚು ತಾಳುವ ಮಿಶ್ರಲೋಹಗಳು ಬಂದವು. ಎರಡನೆಯ ಮಹಾಯುದ್ಧದ ನಂತರ ಅಚ್ಚಿನಿಂದ ಒತ್ತಿ ತೆಗೆದ ಟೊಳ್ಳು ಕಂಬಗಳು ಸಾಮಾನ್ಯ ನೌಕೆಗಳಿಗೂ ಏರಿದವು.

ಇಂದು ಹಳೆಯ ನೌಕೆಯ ಕಂಬವನ್ನು ಹೊಸತು ಮಾಡುವವರು ಈ ಇತಿಹಾಸವನ್ನೇ ಕೈಯಲ್ಲಿ ಹಿಡಿದಿರುತ್ತಾರೆ. ಸ್ಟೇನ್‌ಲೆಸ್ ಸ್ಟೀಲಿನ ತಿರುಪುಗಳ ಸುತ್ತ ಬಣ್ಣ ಗುಳ್ಳೆಯೆದ್ದಿದ್ದರೆ, ಕೆರೆದಾಗ ಬಿಳಿಯ ಪುಡಿ ಉದುರಿದರೆ, ಅದು ಡಿಫೆಂಡರಿನ ರೋಗವೇ. ಆದ್ದರಿಂದ ಕಂಬವನ್ನು ಕೆಳಗಿಳಿಸಿ, ಜೋಡಣೆಗಳನ್ನೆಲ್ಲ ಬಿಚ್ಚಿ, ಸಿಹಿನೀರಿನಲ್ಲಿ ತೊಳೆದು, ನೀರು ನಿಲ್ಲುವ ಬುಡವನ್ನು ಮೊದಲು ಪರೀಕ್ಷಿಸಬೇಕು. ಗುಳಿ ಆಳವಾಗಿದ್ದರೆ ಬಣ್ಣ ಅದನ್ನು ಮುಚ್ಚೀತೇ ಹೊರತು ಬಲ ಕೊಡಲಾರದು. ಬಿರುಗಾಳಿಯಲ್ಲಿ ಕಂಬ ಮುರಿದರೆ ಅಪಾಯ ಕೆಳಗಿರುವವರಿಗೆ. ಉಜ್ಜಲು ಉಕ್ಕಿನ ತಂತಿಯ ಬ್ರಷ್ ಸಲ್ಲದು, ಅದರ ಕಣಗಳು ಮೈಯಲ್ಲೇ ಉಳಿದು ಮತ್ತೆ ಸವೆತಕ್ಕೆ ದಾರಿಯಾಗುತ್ತವೆ. ಉಜ್ಜಿದ ಮೈಮೇಲೆ ಹೊಸ ಪೊರೆ ಬೆಳೆಯುವ ಮುನ್ನ, ತಡಮಾಡದೆ, ಅಲ್ಯೂಮಿನಿಯಂಗೆ ತಕ್ಕ ಪ್ರೈಮರ್ ಬಳಿಯಬೇಕು. ಅದರ ಮೇಲೆ ಪಾಲಿಯುರೆಥೇನ್ ಬಣ್ಣ. ಆನೊಡೈಸ್ ಪೊರೆ ಗಟ್ಟಿಯಾಗಿಯೇ ಇದ್ದರೆ ಬಣ್ಣದ ಗೊಡವೆ ಬೇಡ, ತೊಳೆದು ಮೇಣ ಹಚ್ಚಿದರೆ ಸಾಕು. ಮತ್ತೆ ಆನೊಡೈಸ್ ಮಾಡಿಸಲು ಕಂಬದಷ್ಟೇ ಉದ್ದದ ತೊಟ್ಟಿ ಬೇಕಲ್ಲವೆ?

ಕೊನೆಯ ಕೆಲಸವೇ ಮುಖ್ಯವಾದುದು. ಉಕ್ಕಿನ ಪಟ್ಟಿಗಳ ಕೆಳಗೆ ನೈಲಾನಿನ ಪದರ, ತಿರುಪಿನ ಹಲ್ಲುಗಳಿಗೆ ಲೋಹಗಳನ್ನು ಬೇರ್ಪಡಿಸುವ ಲೇಪ, ಬುಡದಲ್ಲಿ ನೀರು ಬಸಿಯಲು ತೆರೆದ ತೂತು. ಹೊಳಪನ್ನು ನೋಡಿ ಎಲ್ಲರೂ ಮೆಚ್ಚುತ್ತಾರೆ. ಕಂಬವನ್ನು ಕಾಯುವುದು ಮಾತ್ರ ಎರಡು ಲೋಹಗಳ ನಡುವೆ ಕಣ್ಣಿಗೆ ಬೀಳದೆ ಕುಳಿತ ಆ ತೆಳು ಪದರ.