ರೈಲು ಗೇಮ್ ತಡವರಿಸುತ್ತಿದೆಯೇ? ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮೊದಲು ಇದನ್ನು ಓದಿ

ಹೇಳಿಕೆ: ಗೇಮ್ ನಿಧಾನವಾದರೆ ಗ್ರಾಫಿಕ್ಸ್ ಕಾರ್ಡ್ ಬದಲಿಸಿ, ಎಲ್ಲ ಸರಿಹೋಗುತ್ತದೆ.

ವಾಸ್ತವ: ಇದು ಅರ್ಧ ಸತ್ಯ. ರೈಲು ಸಿಮ್ಯುಲೇಟರ್‌ಗಳಲ್ಲಿ ಹಲವು ಬಾರಿ ತಡೆ ಇರುವುದು ಪ್ರೊಸೆಸರ್‌ನಲ್ಲಿ. ಆಗ ಎಷ್ಟೇ ದುಬಾರಿ ಕಾರ್ಡ್ ಹಾಕಿದರೂ ವೇಗ ಹೆಚ್ಚುವುದಿಲ್ಲ.

ಒಳ್ಳೆಯ ಗ್ರಾಫಿಕ್ಸ್ ಕಾರ್ಡ್‌ಗೆ ಹತ್ತಾರು ಸಾವಿರ ರೂಪಾಯಿ ಬೇಕು. ಅಷ್ಟು ಹಣ ಹಾಕಿದ ಮೇಲೂ ರೈಲು ಅದೇ ಸ್ಟೇಷನ್ನಿನಲ್ಲಿ ಮೊದಲಿನಂತೆಯೇ ತಡವರಿಸಿದರೆ ಯಾರಿಗಾದರೂ ಬೇಸರವಾಗುತ್ತದೆ. ಹಾಗಾಗಿ ತಡೆ ಎಲ್ಲಿದೆ ಎಂದು ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು. ಅದಕ್ಕೆ ಒಂದು ಪೈಸೆಯೂ ಖರ್ಚಾಗುವುದಿಲ್ಲ.

ಯಾರ ಕೆಲಸ ಏನು?

ಪರದೆಯ ಮೇಲೆ ಕಾಣುವ ಚಲನೆ ಎಂದರೆ ಒಂದರ ಹಿಂದೆ ಒಂದು ಬರುವ ಚಿತ್ರಗಳು. ಇವನ್ನು ಫ್ರೇಮ್ ಎನ್ನುತ್ತಾರೆ. ಸೆಕೆಂಡಿಗೆ 60 ಫ್ರೇಮ್ ಬರಬೇಕಾದರೆ ಒಂದೊಂದಕ್ಕೂ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್.

ಪ್ರತಿ ಫ್ರೇಮಿಗೂ ಮೊದಲು ಪ್ರೊಸೆಸರ್ ಲೆಕ್ಕ ಹಾಕುತ್ತದೆ. ರೈಲು ಈಗ ಎಲ್ಲಿದೆ, ವೇಗ ಎಷ್ಟು, ಸಿಗ್ನಲ್ ಕೆಂಪೋ ಹಸಿರೋ, ಯಾವ ಮರ, ಯಾವ ಕಂಬ, ಯಾವ ಕಟ್ಟಡ ಕಾಣಬೇಕು ಎಂದು ತೀರ್ಮಾನಿಸಿ ಗ್ರಾಫಿಕ್ಸ್ ಕಾರ್ಡ್‌ಗೆ ಆದೇಶ ಕೊಡುತ್ತದೆ. ಕಾರ್ಡ್ ಅದರಂತೆ ಚಿತ್ರ ಬರೆಯುತ್ತದೆ.

ಉದಾಹರಣೆಗೆ, ಒಂದು ಫ್ರೇಮಿಗೆ ಪ್ರೊಸೆಸರ್ 40 ಮಿಲಿಸೆಕೆಂಡ್, ಕಾರ್ಡ್ 12 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ ಎಂದುಕೊಳ್ಳಿ. ಕಾರ್ಡ್ ಒಂದು ಚಿತ್ರ ಬರೆಯುವಾಗಲೇ ಪ್ರೊಸೆಸರ್ ಮುಂದಿನದರ ಲೆಕ್ಕದಲ್ಲಿ ತೊಡಗಿರುತ್ತದೆ. ಆದ್ದರಿಂದ ಇಬ್ಬರಲ್ಲಿ ನಿಧಾನವಾಗಿರುವವರೇ ವೇಗವನ್ನು ನಿರ್ಧರಿಸುತ್ತಾರೆ. ಇಲ್ಲಿ ಸಿಗುವುದು ಸೆಕೆಂಡಿಗೆ 25 ಫ್ರೇಮ್. ಎರಡು ಪಟ್ಟು ವೇಗದ ಕಾರ್ಡ್ ತಂದರೆ 12 ಇದ್ದದ್ದು 6 ಆಗುತ್ತದೆ, ಆದರೆ ಸಿಗುವುದು ಅದೇ 25 ಫ್ರೇಮ್. ಹೊಸ ಕಾರ್ಡ್ ಹೆಚ್ಚು ಹೊತ್ತು ಸುಮ್ಮನೆ ಕಾಯುತ್ತದೆ, ಅಷ್ಟೇ.

ರೈಲು ಗೇಮ್‌ನಲ್ಲಿ ಪ್ರೊಸೆಸರ್‌ಗೆ ಹೊರೆ ಏಕೆ?

ರೈಲಿನಲ್ಲಿ ಒಂದೇ ವಾಹನ ಇರುವುದಿಲ್ಲ. 58 ವ್ಯಾಗನ್‌ಗಳ ಗೂಡ್ಸ್ ಗಾಡಿ ಎಂದರೆ ಪ್ರತಿ ವ್ಯಾಗನ್ನಿನ ತೂಕ, ಬ್ರೇಕಿನ ಗಾಳಿಯ ಒತ್ತಡ, ಎರಡು ವ್ಯಾಗನ್‌ಗಳ ನಡುವಿನ ಕೊಂಡಿಯ ಎಳೆತ ಎಲ್ಲವನ್ನೂ ನೋಡಬೇಕು. ಜೊತೆಗೆ ಅದೇ ಮಾರ್ಗದಲ್ಲಿ ಕಂಪ್ಯೂಟರ್ ಓಡಿಸುವ ಬೇರೆ ರೈಲುಗಳು, ಪಾಯಿಂಟ್‌ಗಳು, ಸಿಗ್ನಲ್‌ಗಳು. ರೈಲು ಮುಂದೆ ಹೋದಂತೆ ಮುಂದಿನ ಊರಿನ ದೃಶ್ಯಗಳನ್ನು ಡಿಸ್ಕ್‌ನಿಂದ ತರುತ್ತಲೂ ಇರಬೇಕು. ದೊಡ್ಡ ಜಂಕ್ಷನ್ ಹತ್ತಿರವಾದಾಗ ಗೇಮ್ ಹೆಚ್ಚು ತಡವರಿಸಲು ಇವೇ ಮುಖ್ಯ ಕಾರಣ.

ಎಂಟು ಕೋರ್ ಇದ್ದರೂ ಏಕೆ ಸಾಲದು?

ಮೈಕ್ರೋಸಾಫ್ಟ್ ಟ್ರೇನ್ ಸಿಮ್ಯುಲೇಟರ್ ಬಂದದ್ದು 2001ರಲ್ಲಿ. ಮನೆಬಳಕೆಯ ಕಂಪ್ಯೂಟರ್‌ಗಳಿಗೆ ಎರಡು ಕೋರ್‌ಗಳ ಪ್ರೊಸೆಸರ್ ಬಂದದ್ದು 2005ರಲ್ಲಿ. ಇಂದು ಟ್ರೇನ್ ಸಿಮ್ಯುಲೇಟರ್ ಕ್ಲಾಸಿಕ್ ಎಂಬ ಹೆಸರಿನಲ್ಲಿರುವ ಗೇಮ್‌ನ ಬೇರು 2007ರ ರೈಲ್ ಸಿಮ್ಯುಲೇಟರ್‌ನಲ್ಲಿದೆ. ಅದಕ್ಕೆ 64 ಬಿಟ್ ಆವೃತ್ತಿ ಸಿಕ್ಕಿದ್ದೇ 2018ರಲ್ಲಿ. ಇಂತಹ ಹಳೆಯ ಬುನಾದಿಯ ಗೇಮ್‌ಗಳಲ್ಲಿ ಬಹುಪಾಲು ಕೆಲಸ ಒಂದೇ ಕೋರ್ ಮೇಲೆ ಬೀಳುತ್ತದೆ. ಸ್ಟೇಷನ್ನಿನಲ್ಲಿ ಎಂಟು ಪ್ಲಾಟ್‌ಫಾರ್ಮ್ ಇದ್ದರೂ ಹೊರಗೆ ಹೋಗಲು ಒಂದೇ ಹಳಿ ಇದ್ದಂತೆ.

ಉಚಿತವಾಗಿ ಸಿಗುವ ಓಪನ್ ರೈಲ್ಸ್ ಹಳೆಯ ಮೈಕ್ರೋಸಾಫ್ಟ್ ಗೇಮ್‌ನ ಮಾರ್ಗಗಳನ್ನೂ ಎಂಜಿನ್‌ಗಳನ್ನೂ ಓಡಿಸಬಲ್ಲದು. ಭಾರತೀಯ ಅಭಿಮಾನಿಗಳು ರೂಪಿಸಿದ ರೈಲುಗಳನ್ನು ಓಡಿಸಲು ಹಲವರು ಇದನ್ನೇ ಬಳಸುತ್ತಾರೆ. ಇದು ಲೆಕ್ಕ, ದೃಶ್ಯ ತರುವುದು, ಚಿತ್ರದ ಆದೇಶ, ಧ್ವನಿ ಎಂದು ಕೆಲಸವನ್ನು ಹಂಚುತ್ತದೆ. ಆದರೂ ಪೂರ್ತಿ ಸಮನಾಗಿ ಹಂಚಲು ಆಗುವುದಿಲ್ಲ. ಒಂದರ ಉತ್ತರ ಬಾರದೆ ಇನ್ನೊಂದು ಶುರುವಾಗದ ಕೆಲಸಗಳು ಇದ್ದೇ ಇರುತ್ತವೆ. 1967ರಲ್ಲಿ ಜೀನ್ ಆಮ್ಡಾಲ್ ವಿವರಿಸಿದ ಮಿತಿ ಇದೇ: ಕೆಲಸದ ಅರ್ಧ ಭಾಗವನ್ನು ಹಂಚಲು ಸಾಧ್ಯವಿಲ್ಲದಿದ್ದರೆ, ಎಷ್ಟೇ ಕೋರ್ ಸೇರಿಸಿದರೂ ವೇಗ ಎರಡು ಪಟ್ಟು ಮೀರುವುದಿಲ್ಲ.

ಶೇಕಡಾ ಅಂಕಿ ನೋಡಿ ಮೋಸ ಹೋಗಬೇಡಿ

ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ ಬಳಕೆ ಶೇ. 15 ಎಂದು ಕಂಡರೆ "ಪ್ರೊಸೆಸರ್ ಖಾಲಿ ಇದೆ, ತಪ್ಪು ಕಾರ್ಡಿನದೇ" ಎಂದು ತೀರ್ಮಾನಿಸುವವರಿದ್ದಾರೆ. ಆದರೆ ಆ ಅಂಕಿ ಎಲ್ಲ ಕೋರ್‌ಗಳ ಸರಾಸರಿ. ಎಂಟರಲ್ಲಿ ಒಂದು ಪೂರ್ತಿ ದಣಿದು ಉಳಿದವು ಸುಮ್ಮನಿದ್ದರೆ ಸರಾಸರಿ ಬರುವುದು ಕೇವಲ ಶೇ. 12.5. ಸಾಲದ್ದಕ್ಕೆ ವಿಂಡೋಸ್ ಒಂದೇ ಕೆಲಸವನ್ನು ಆಗಾಗ ಬೇರೆ ಬೇರೆ ಕೋರ್‌ಗಳಿಗೆ ವರ್ಗಾಯಿಸುವುದರಿಂದ ಯಾವ ಕೋರ್ ಕೂಡ ಪೂರ್ತಿ ತುಂಬಿದಂತೆ ಕಾಣದೇ ಇರಬಹುದು.

ಹಾಗೆಯೇ ಗ್ರಾಫಿಕ್ಸ್ ಕಾರ್ಡ್ ಬಳಕೆ ಶೇ. 30 ಇದ್ದರೆ ಕಾರ್ಡ್ ಕೆಟ್ಟಿದೆ ಎಂದರ್ಥವಲ್ಲ. ಅದು ಪ್ರೊಸೆಸರ್‌ಗಾಗಿ ಕಾಯುತ್ತಿರಬಹುದು. ಅಥವಾ ಗೇಮ್‌ನಲ್ಲಿ ಫ್ರೇಮ್ ಮಿತಿ ಇಟ್ಟಿರಬಹುದು. ಗೇಮ್ ನಯವಾಗಿ ಓಡುತ್ತಿದ್ದರೆ ಅದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ.

ಎರಡು ನಿಮಿಷದ ಪರೀಕ್ಷೆ

1. ಗೇಮ್ ತಡವರಿಸುವ ಜಾಗದಲ್ಲಿ ರೈಲು ನಿಲ್ಲಿಸಿ, ಸೆಕೆಂಡಿಗೆ ಎಷ್ಟು ಫ್ರೇಮ್ ಎಂದು ಬರೆದುಕೊಳ್ಳಿ. ಓಪನ್ ರೈಲ್ಸ್‌ನಲ್ಲಾದರೆ ಎಫ್5 ಒತ್ತಿ ಮಾಹಿತಿ ಫಲಕ ತೆರೆಯಬಹುದು.
2. ಸೆಟ್ಟಿಂಗ್ಸ್‌ನಲ್ಲಿ ರೆಸಲ್ಯೂಷನ್ ಮಾತ್ರ ಕಡಿಮೆ ಮಾಡಿ. ಬೇರೇನೂ ಬದಲಿಸಬೇಡಿ.
3. ಅದೇ ಜಾಗದಲ್ಲಿ ಮತ್ತೆ ನೋಡಿ.

ಫ್ರೇಮ್ ಸಂಖ್ಯೆ ಚೆನ್ನಾಗಿ ಏರಿದರೆ ಹೊರೆ ಕಾರ್ಡಿನ ಮೇಲಿತ್ತು. ಹೆಚ್ಚುಕಡಿಮೆ ಅಷ್ಟೇ ಉಳಿದರೆ ತಡೆ ಇರುವುದು ಪ್ರೊಸೆಸರ್‌ನಲ್ಲಿ, ಹೊಸ ಕಾರ್ಡಿನಿಂದ ಪ್ರಯೋಜನ ಕಡಿಮೆ.

ಕಾರ್ಡಿನದೇ ತಡೆಯಾಗುವ ಸಂದರ್ಭಗಳೂ ಇವೆ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿದ್ದರೆ, 4ಕೆ ಪರದೆಯಲ್ಲಿ ಸುಮಾರು 82.9 ಲಕ್ಷ. ಅನ್‌ರಿಯಲ್ ಎಂಜಿನ್ ಮೇಲೆ ಕಟ್ಟಿದ ಟ್ರೇನ್ ಸಿಮ್ ವರ್ಲ್ಡ್‌ನಂತಹ ಗೇಮನ್ನು 4ಕೆಯಲ್ಲಿ, ಎಲ್ಲ ಸೆಟ್ಟಿಂಗ್ ಏರಿಸಿ ಆಡುವವರಿಗೆ ಒಳ್ಳೆಯ ಕಾರ್ಡ್ ಬೇಕಾಗುತ್ತದೆ.

ಖರ್ಚಿಲ್ಲದೆ ಏನು ಮಾಡಬಹುದು?

ತಡೆ ಪ್ರೊಸೆಸರ್‌ನಲ್ಲಿದ್ದರೆ ದೃಶ್ಯ ಕಾಣುವ ದೂರ, ಮರ-ಕಟ್ಟಡಗಳ ದಟ್ಟಣೆ, ನೆರಳು ಇವನ್ನು ಕಡಿಮೆ ಮಾಡಿ. ಕಡಿಮೆ ರೈಲುಗಳಿರುವ ಸನ್ನಿವೇಶ ಆರಿಸಿ. ಹಿನ್ನೆಲೆಯಲ್ಲಿ ಓಡುವ ಬೇರೆ ಪ್ರೋಗ್ರಾಂ ಮುಚ್ಚಿ. ಓಡುತ್ತಾ ಓಡುತ್ತಾ ಕ್ಷಣಕಾಲ ನಿಂತು ಮುಂದುವರಿಯುತ್ತಿದ್ದರೆ ದೃಶ್ಯ ತರುವಲ್ಲಿ ತಡವಾಗುತ್ತಿರಬಹುದು. ಹಳೆಯ ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿದರೆ ಇದು ತಗ್ಗುತ್ತದೆ. ಪ್ರೊಸೆಸರನ್ನೇ ಬದಲಿಸುವುದಾದರೆ ಕೋರ್‌ಗಳ ಸಂಖ್ಯೆಗಿಂತ ಒಂದೊಂದು ಕೋರಿನ ವೇಗ ನೋಡಿ.

ಮೊಬೈಲ್‌ನಲ್ಲಿ ರೈಲು ಗೇಮ್ ಆಡುವವರಿಗೆ ಒಂದು ಮಾತು. ಫೋನಿನಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡೂ ಒಂದೇ ಚಿಪ್‌ನಲ್ಲಿರುತ್ತವೆ. ಬಿಸಿಯಾದಾಗ ಫೋನ್ ತಾನಾಗಿಯೇ ಎರಡರ ವೇಗವನ್ನೂ ತಗ್ಗಿಸುತ್ತದೆ. ಯಾವ ಬೂಸ್ಟರ್ ಆ್ಯಪ್ ಕೂಡ ಚಿಪ್‌ನಲ್ಲಿ ಇಲ್ಲದ ಶಕ್ತಿಯನ್ನು ತಂದುಕೊಡಲಾರದು. ಫಾರ್ವರ್ಡ್ ಆಗಿ ಬಂದ ಲಿಂಕ್‌ನಿಂದ ಅಂತಹ ಆ್ಯಪ್ ಹಾಕಿಕೊಂಡರೆ ನಿಮ್ಮ ಮಾಹಿತಿ ಕಳುವಾಗುವ ಅಪಾಯವೂ ಇದೆ.

ತೀರ್ಮಾನ: "ಗ್ರಾಫಿಕ್ಸ್ ಕಾರ್ಡ್ ಬದಲಿಸಿದರೆ ಸಾಕು" ಎಂಬುದು ಎಲ್ಲ ಗೇಮ್‌ಗಳಿಗೂ ಅನ್ವಯಿಸುವುದಿಲ್ಲ. ರೈಲು ಸಿಮ್ಯುಲೇಟರ್ ಆಡುವವರು ಮೊದಲು ರೆಸಲ್ಯೂಷನ್ ಪರೀಕ್ಷೆ ಮಾಡಿ, ಆಮೇಲೆ ಅಂಗಡಿಗೆ ಹೋಗುವುದು ಒಳ್ಳೆಯದು.