ಒಡೆಯದ ಹಾರ

ಜತ್ತ ತಾಲೂಕಿನ ಕನ್ನಡ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಾಗ ನಾನು ಒಬ್ಬ ಹುಡುಗನಿಗೆ ತಪ್ಪು ಉತ್ತರ ಹೇಳಿದ್ದೆ. ಅದರ ಸಲುವಾಗಿ ಈ ಬರಹ.

ಅಂದು ವರ್ಗದಲ್ಲಿ ಮಹಾವೀರಾಚಾರ್ಯನ ಮಾತು ಬಂದಿತ್ತು. ನೃಪತುಂಗನ ಕಾಲದವನು ಈತ. ಸುಮಾರು ಕ್ರಿ.ಶ. 850ರಲ್ಲಿ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಆಗ ನಮ್ಮ ಈ ಸೀಮೆಯೂ ಮಳಖೇಡದ ಆಳಿಕೆಯಲ್ಲೇ ಇತ್ತು. ಆ ಗ್ರಂಥದಲ್ಲಿ ಕೆಲವು ಗುಣಾಕಾರಗಳಿವೆ. ಉತ್ತರವನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಕೊರಳ ಹಾರಕ್ಕೆ ಹೋಲಿಸಿದ್ದಾನೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಹಾರ, 11111111. ಮತ್ತೊಂದು, 27994681 × 441 = 12345654321. ಇದು ಆರು ಒಂದುಗಳ ವರ್ಗವೂ ಹೌದು. ಸಾವಿರ ವರ್ಷದ ಮೇಲೆ ನಾಸಿಕ ಹತ್ತಿರದ ದೇವಳಾಲಿಯ ಶಾಲಾ ಮಾಸ್ತರ ದತ್ತಾತ್ರೇಯ ಕಾಪ್ರೇಕರ ಇಂಥವನ್ನೇ ಬೆನ್ನುಹತ್ತಿ ‘ಡೆಮ್ಲೊ ಸಂಖ್ಯೆ’ ಎಂದರು. ಡೆಮ್ಲೊ ಅಂದರೆ ಡೋಂಬಿವಲಿ ಸ್ಟೇಶನ್ನಿನ ಹಳೇ ಹೆಸರು!

ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. “ಸರ್, ಬರೇ ಒಂದರ ಹಾರದಾಗ ಒಡೀಲಾರದ್ದು ಯಾವದೂ ಇಲ್ಲೇನ್ರೀ?”

ಅವನು ಕೇಳಿದ್ದು ಅವಿಭಾಜ್ಯ ಸಂಖ್ಯೆಯನ್ನು. ಮರಾಠಿಯವರು ಮೂಳ ಸಂಖ್ಯಾ ಅಂತಾರಲ್ಲ, ಅದು. “11 ಒಂದ ನೋಡಪ್ಪಾ, ಉಳಿದದ್ದೆಲ್ಲಾ ಒಡೀತಾವ” ಎಂದುಬಿಟ್ಟೆ. 111 ಅಂದರೆ 3 × 37. ಐದು ಒಂದು, 41 × 271. ಏಳು ಒಂದು, 239 × 4649. ಇಷ್ಟು ನೋಡಿಯೇ ನನಗೆ ಧೈರ್ಯ ಬಂದಿತ್ತು. ಹುಡುಗ ಒಂದು ನೋಟಬುಕ್ಕಿನ ತುಂಬ ಭಾಗಾಕಾರ ಮಾಡಿ ಹನ್ನೊಂದು ಒಂದುಗಳಲ್ಲಿ ಸಿಕ್ಕಿಕೊಂಡ. ಅದು ಒಡೆಯುತ್ತದೆ, 21649 × 513239. ಆದರೆ ಅಷ್ಟು ದೂರ ಮುಟ್ಟುವ ತಾಳ್ಮೆ ಯಾರಿಗಿದೆ?

ನಿವೃತ್ತನಾದ ಮೇಲೆ ಓದಿ ತಿಳಿದೆ. ಹತ್ತೊಂಬತ್ತು ಒಂದುಗಳ ಹಾರ, 1111111111111111111, ಒಡೆಯುವುದಿಲ್ಲ. ಇದನ್ನು ಮೊದಲ ಮಹಾಯುದ್ಧದ ಹೊತ್ತಿಗೆ, ಗಣಕಯಂತ್ರವಿಲ್ಲದ ಕಾಲದಲ್ಲಿ, ಆಸ್ಕರ್ ಹೊಪ್ಪೆ ಎಂಬವರು ಸಿದ್ಧಪಡಿಸಿದರು. ಎಲ್ಲ ಸಂಖ್ಯೆಗಳಿಂದ ಭಾಗಿಸುತ್ತ ಹೋದರೆ ನೂರು ಕೋಟಿ ದಾಟಬೇಕು. ಆದರೆ 19 ತಾನೇ ಅವಿಭಾಜ್ಯ. ಹಾಗಾಗಿ ಈ ಹಾರವನ್ನು ಯಾವುದಾದರೂ ಅವಿಭಾಜ್ಯ ಸಂಖ್ಯೆ ಭಾಗಿಸುವುದಾದರೆ, ಅದನ್ನು 19ರಿಂದ ಭಾಗಿಸಿದಾಗ ಶೇಷ 1 ಉಳಿಯಲೇಬೇಕು. ಉಳಿದವನ್ನು ಮುಟ್ಟುವುದೇ ಬೇಡ. ಹನ್ನೊಂದರ ಹಾರಕ್ಕೂ ಇದೇ ಕಟ್ಟು: 21649ನ್ನು 11ರಿಂದ ಭಾಗಿಸಿ ನೋಡಿರಿ, ಶೇಷ 1. ಇದನ್ನು ನಾನು ಅಂದೇ ಹೇಳಿದ್ದರೆ ಹುಡುಗನ ಅರ್ಧಕ್ಕಿಂತ ಹೆಚ್ಚು ಹಾಳೆ ಉಳಿಯುತ್ತಿದ್ದವು.

ಆಮೇಲೆ 23 ಒಂದುಗಳದ್ದು ಸಿಕ್ಕಿತು. 1977ರಲ್ಲಿ 317 ಒಂದುಗಳದ್ದು, 1986ರಲ್ಲಿ 1031 ಒಂದುಗಳದ್ದು ಸಿದ್ಧವಾದವು. ಇಂಥವು ಮುಗಿಯುತ್ತವೋ ಇಲ್ಲವೋ, ಜಗತ್ತಿನಲ್ಲಿ ಇನ್ನೂ ಯಾರೂ ಸಿದ್ಧಮಾಡಿಲ್ಲ.

ಹೋದ ವರ್ಷ ಆ ಹುಡುಗ ಜತ್ತದ ಸಂತೆಯಲ್ಲಿ ಭೆಟ್ಟಿಯಾದ. ಈಗ ದಾಳಿಂಬೆ ತೋಟ ಮಾಡಿದ್ದಾನೆ. ನಿಂತಲ್ಲೇ ತಪ್ಪೊಪ್ಪಿಕೊಂಡು, ಚೀಟಿಯ ಮೇಲೆ ಹತ್ತೊಂಬತ್ತು ಒಂದು ಬರೆದುಕೊಟ್ಟೆ. ಎಣಿಸಿ ನೋಡಿದ. “ಸರ್, ಆ ನೋಟಬುಕ್ ನಮ್ಮವ್ವ ಯಾವಾಗೋ ಒಲಿಗೆ ಹಾಕ್ಯಾಳ್ರೀ” ಎಂದು ನಕ್ಕು, ಚೀಟಿ ಮಡಚಿ ಕಿಸೆಯಲ್ಲಿಟ್ಟುಕೊಂಡ.